ದಂಡಿ ಇಲ್ಲದ ಹೊಲ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ಹದಿನಾರು ವರ್ಷ, ಜೂನ್ ತಿಂಗಳಲ್ಲಿ ಪಾಠವೆಂದು ಒಮ್ಮೆ, ಜನವರಿಯಲ್ಲಿ ಪುನರಾವರ್ತನೆಯೆಂದು ಇನ್ನೊಮ್ಮೆ, ನಾನು ಕಣ್ಣಾರೆ ಕಾಣದ ಒಂದು ಸಂಗತಿಯನ್ನು ಕರಿಹಲಗೆಯ ಮೇಲೆ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಇದೇ ಸತ್ಯ ಎಂದು ಮಕ್ಕಳಿಗೆ ಹೇಳುತ್ತ ಬಂದವಳು ನಾನು. ವೈಕುಂಠಕ್ಕೆ ಎಷ್ಟು ಬಾಗಿಲು, ಯಾವ ಬಾಗಿಲಲ್ಲಿ ಯಾರ ಕಾವಲು ಎಂದು ಹೋಗಿಬಂದವರ ಹಾಗೆ ವರ್ಣಿಸುವ ಪುರಾಣಿಕರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಆ ನಗು ನನ್ನ ಮೇಲೂ ತಿರುಗಬಹುದು ಎಂದು ಬಹಳ ದಿನ ಹೊಳೆಯಲೇ ಇಲ್ಲ.

ಸಂಗತಿ ಇಷ್ಟೇ. ಒಂದು ವಿಶಾಲವಾದ ಹಾಳೆ ಇದೆ ಅಂದುಕೊಳ್ಳಿ. ಅದರ ಮೈತುಂಬ ವಿದ್ಯುದಾವೇಶ ಒಂದೇ ಸಮ ಹರಡಿದೆ. ಹಾಳೆ ಎಷ್ಟು ದೊಡ್ಡದು ಎಂದರೆ ಅದಕ್ಕೆ ಅಂಚೇ ಇಲ್ಲ. ನಮ್ಮ ಕಡೆ ಅಂಚಿಗೆ ದಂಡಿ ಎನ್ನುತ್ತೇವೆ. ಹಾಗಾಗಿ ಅದು ದಂಡಿ ಇಲ್ಲದ ಹಾಳೆ. ಚುಕ್ಕೆಯಂಥ ಒಂದು ಆವೇಶದಿಂದ ದೂರ ಸರಿದರೆ ಅದರ ಬಲ ಬಲುಬೇಗ ಕುಂದುತ್ತದೆ. ಉದ್ದಾನುದ್ದ ತಂತಿಯಿಂದ ಸರಿದರೆ ಸ್ವಲ್ಪ ನಿಧಾನವಾಗಿ ಕುಂದುತ್ತದೆ. ಈ ಹಾಳೆಯಿಂದ ಸರಿದರೆ? ಕುಂದುವುದೇ ಇಲ್ಲ! ಒಂದು ಗೇಣು ದೂರದಲ್ಲಿ ಎಷ್ಟೋ, ಹತ್ತು ಗೇಣು ದೂರದಲ್ಲೂ ಅಷ್ಟೇ. ನಾನು ಪಿಯುಸಿ ಓದುವಾಗ ಇದನ್ನು ಮೊದಲ ಸಲ ಕೇಳಿ ಮೈ ಜುಮ್ಮೆಂದಿತ್ತು. ಜುಮ್ಮೆಂದದ್ದೇ ಸಾಕೆಂದುಕೊಂಡು ಅದನ್ನೇ ಕಲಿಸುವ ಕೆಲಸಕ್ಕೆ ಸೇರಿಬಿಟ್ಟೆ.

ಸಿಂಧನೂರಿನ ಪಿಯು ಕಾಲೇಜಿಗೆ ಸೇರಿದ ಮೊದಲ ವರ್ಷವೇ ಒಂದು ಮಾತಿನ ಹತ್ತಿರ ಕಾಲು ಜಾರಿತು. ಪಾಠ ಪುಸ್ತಕ ಇಂಗ್ಲಿಷಿನದು, ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರು. ಫೀಲ್ಡ್ ಎಂದರೆ ಏನೆಂದು ಹೇಳಬೇಕಲ್ಲ. ಫೀಲ್ಡ್ ಎಂದರೆ ಕ್ಷೇತ್ರ ಎಂದೆ. ಕ್ಷೇತ್ರ ಎಂದರೆ ಕೆಲವರಿಗೆ ತಿರುಪತಿ, ಕೆಲವರಿಗೆ ಚುನಾವಣೆ. ಆಗ ನನ್ನ ಪಾಂಡಿತ್ಯವನ್ನೆಲ್ಲ ಹೊರತೆಗೆದು, ಹಳೆಯ ಸಂಸ್ಕೃತದಲ್ಲಿ ಕ್ಷೇತ್ರ ಎಂದರೆ ಬಿತ್ತುವ ನೆಲ, ಆದ್ದರಿಂದ ಎಲೆಕ್ಟ್ರಿಕ್ ಫೀಲ್ಡ್ ಎಂದರೆ ಕರೆಂಟಿನ ಹೊಲ ಎಂದು ಸಾರಿದೆ. ಹಿಂದಿನ ಬೆಂಚಿನ ಗೊರೇಬಾಳದ ಹುಡುಗನೊಬ್ಬ ಎದ್ದು ನಿಂತು, ಬಹಳ ವಿನಯದಿಂದ ನನ್ನನ್ನು ತಿದ್ದಿದ.

"ಹೊಲ ಅಲ್ರಿ ಮೇಡಂ, ಗದ್ದಿ ಅನ್ರಿ. ನೀರಿದ್ರ ಗದ್ದಿ, ಇಲ್ದಿದ್ರ ಹೊಲ. ಹೊಲದಾಗ ಏನ್ ಬೆಳೀತೈತ್ರಿ?"

ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಚುರುಕ್ ಎಂದಿತು. ಯಾಕೆಂದರೆ ನಾನು ಹೊಲದವಳು. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ನನ್ನ ತವರು. ಅಲ್ಲಿ ಆಕಾಶ ಕೊಟ್ಟರೆ ಜೋಳ, ತೊಗರಿ, ಮಿಕ್ಕಂತೆ ಕುರಿ ಆಡು. ಮದುವೆಯಾಗಿ ಬಂದದ್ದು ಸಿಂಧನೂರಿನ ಪಕ್ಕದ ಗೊರೇಬಾಳಕ್ಕೆ. ಇಲ್ಲಿ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟು ಭತ್ತ. ನಮ್ಮ ಅತ್ತೆಯವರು ಕೆಟ್ಟವರಲ್ಲ, ಆದರೆ ಅವರ ಬಾಯಿಗೆ ಬದುವಿಲ್ಲ. ಮನೆಗೆ ಯಾರು ಬಂದರೂ ನನ್ನ ಪರಿಚಯ ಒಂದೇ: "ನಮ್ಮ ಸೊಸಿ ರೀ, ಒಣ ಹೊಲದಾಕಿ. ಬಂದ ಹೊಸದಾಗ ಕಾಲುವಿ ನೋಡಿ, ಇದು ದಿನಾ ಹಿಂಗ ಹರೀತೈತೇನ್ರಿ ಅತ್ತೀ ಅಂತ ಕೇಳಿದ್ಳು!" ಕೇಳಿದ್ದು ನಿಜ. ಆದರೆ ಹದಿನಾರು ವರ್ಷ ಅದನ್ನೇ ಹೇಳಬೇಕೆ?

ಇನ್ನು ಆ 'ಅನಂತ' ಎಂಬ ಮಾತು. ಭೌತಶಾಸ್ತ್ರದವರು ಇದನ್ನು ಎಷ್ಟು ಸಲೀಸಾಗಿ ಬಳಸುತ್ತಾರೆಂದರೆ, ಅನಂತ ಉದ್ದದ ತಂತಿಯನ್ನು ಮೊಳ ಹಾಕಿ ಕೊಡುವ ಅಂಗಡಿ ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರಿಗೇ ಇದೆಯೇನೋ ಅನ್ನಿಸುತ್ತದೆ. ಬಹಳ ವರ್ಷ ನಾನೂ ಅದನ್ನು ದೊಡ್ಡ ಮಾತೆಂದೇ ತಿಳಿದಿದ್ದೆ. ಒಂದು ದಿನ ತವರಿನಲ್ಲಿ ಅವ್ವ ತಟ್ಟಿಟ್ಟ ಜೋಳದ ರೊಟ್ಟಿಯ ಮೇಲೆ ಒಂದು ಇರುವೆ ಹರಿಯುವುದನ್ನು ಕಂಡೆ. ರೊಟ್ಟಿಯ ನಡುವಿದ್ದ ಆ ಇರುವೆಗೆ ದಂಡಿ ಎಲ್ಲಿದೆ? ಎತ್ತ ನೋಡಿದರೂ ರೊಟ್ಟಿ. ಅದರ ಮಟ್ಟಿಗೆ ಆ ರೊಟ್ಟಿ ಅನಂತ. ಅನಂತ ಎನ್ನುವುದು ಹಾಳೆಯ ಗುಣವಲ್ಲ, ನೋಡುವವರು ಎಷ್ಟು ಹತ್ತಿರ ಇದ್ದಾರೆ ಎನ್ನುವುದಕ್ಕೆ ಇಟ್ಟ ಹೆಸರು. ಗೊರೇಬಾಳದ ಗದ್ದೆಯ ನಡುವೆ ಬಗ್ಗಿ ನಾಟಿ ಮಾಡುವ ಹೆಣ್ಣುಮಗಳಿಗೂ ಅಷ್ಟೆ, ಗದ್ದೆ ಮುಗಿಯುವುದಿಲ್ಲ. ಇದನ್ನು ಕಂಡುಕೊಂಡ ಖುಷಿಯಲ್ಲಿ ನಾನು ಇರುವೆಯನ್ನು ಓಡಿಸುವುದನ್ನೇ ಮರೆತೆ. ಅವ್ವ ಬೈದು ರೊಟ್ಟಿ ಝಾಡಿಸಿದಳು.

ರೊಟ್ಟಿಯಿಂದ ಇನ್ನೊಂದು ಉಪಕಾರವೂ ಆಯಿತು. ಆವೇಶ ಎನ್ನುವುದು ನಿಜಕ್ಕೂ ಕಾಳುಕಾಳಾಗಿರುತ್ತದೆ, ಆದರೆ ಲೆಕ್ಕ ಮಾಡುವಾಗ ಅದನ್ನು ಎಡೆಬಿಡದೆ ಹರಡಿದ ಹಾಗೆ ತಿಳಿಯಬೇಕು. ಯಾಕೆ ಹಾಗೆ ಎಂದು ಮಕ್ಕಳು ಕೇಳಿದರೆ, ಜೋಳ ಕಾಳಾಗಿದ್ದರೂ ರೊಟ್ಟಿ ತಿನ್ನುವಾಗ ಕಾಳು ಎಣಿಸುತ್ತೀರಾ ಎನ್ನುತ್ತೇನೆ. ಒಂದೇ ಸಮ ಹರಡುವುದು ಎಂದರೆ ನಮ್ಮ ಅವ್ವ ತಟ್ಟಿದ ರೊಟ್ಟಿ. ಅಲ್ಲಲ್ಲಿ ಗುಡ್ಡ, ಅಲ್ಲಲ್ಲಿ ತೂತು ಎಂದರೆ ನಾನು ತಟ್ಟಿದ್ದು. ಈ ಉದಾಹರಣೆ ಯಾರಿಗೂ ಮರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಸಂತೆಯಲ್ಲಿ ಸಿಕ್ಕರೆ ಸೂತ್ರ ಹೇಳುವುದಿಲ್ಲ, ಈಗಲಾದರೂ ರೊಟ್ಟಿ ಸಮ ಬರುತ್ತದೆಯೇ ಎಂದು ವಿಚಾರಿಸುತ್ತಾರೆ.

ಇಷ್ಟೆಲ್ಲ ಮಾತು ಕಲಿತವಳು ಪ್ರಯೋಗ ಮಾಡಿ ತೋರಿಸಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದೆ. ಒಮ್ಮೆ ಮಾಡಿ ಕೈ ಸುಟ್ಟುಕೊಂಡೆ. ಆರು ವರ್ಷದ ಹಿಂದೆ ಮೇಲಧಿಕಾರಿಗಳು ಕಾಲೇಜು ನೋಡಲು ಬರುವವರಿದ್ದರು. ದೊಡ್ಡ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಯಿಂದ ದೂರ ತೂಗುಹಾಕಿ, ಉಣ್ಣೆಯ ಬಟ್ಟೆಯಿಂದ ತಿಕ್ಕಿ, ಅದರ ಎದುರು ರೇಷ್ಮೆ ಎಳೆಯಲ್ಲಿ ಜೋಳದ ದಂಟಿನ ಬೆಂಡಿನ ಗುಂಡೊಂದನ್ನು ಇಳಿಬಿಡುವುದು ನನ್ನ ಯೋಜನೆ. ಬೆಂಡು ಹಾಳೆಯನ್ನು ಮುಟ್ಟಿ ಅದರದೇ ಆವೇಶ ತುಸು ಪಡೆದರೆ, ಆಮೇಲೆ ಹಾಳೆ ಅದನ್ನು ದೂರ ತಳ್ಳುತ್ತದೆ; ಎಳೆ ಓರೆಯಾಗಿ ನಿಲ್ಲುತ್ತದೆ. ಎಳೆ ಎಷ್ಟು ಓರೆಯೋ ಅಷ್ಟು ಬಲ. ಹಿಂದಿನ ದಿನವೇ ಎಲ್ಲ ಸಿದ್ಧಮಾಡಿಟ್ಟು ಬಂದೆ.

ನಮ್ಮ ಪ್ರಯೋಗಶಾಲೆಯ ಅಟೆಂಡರ್ ಹುಸೇನಪ್ಪ ಬಹಳ ನಿಷ್ಠೆಯ ಮನುಷ್ಯ. ಸಾಹೇಬರು ಬರುವ ಅರ್ಧ ತಾಸು ಮೊದಲು ಆತ ನಾಲ್ಕು ಬಕೆಟ್ ನೀರು ತಂದು, ನೆಲವನ್ನೆಲ್ಲ ತೊಳೆದು, ಕಿಟಕಿಯ ಪರದೆಗಳಿಗೂ ನೀರು ಚಿಮುಕಿಸಿ, ತಂಪಾಗಿರಲೆಂದು ಬಾಗಿಲು ಹಾಕಿಟ್ಟಿದ್ದ. ಒಳಗೆ ಕಾಲಿಟ್ಟರೆ ಗದ್ದೆಗೆ ಇಳಿದ ಹಾಗಿತ್ತು. ಒದ್ದೆ ಗಾಳಿಯಲ್ಲಿ ಆವೇಶ ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಸಾಹೇಬರ ಎದುರು ನಾನು ತಿಕ್ಕಿದೆ, ತಿಕ್ಕಿದೆ, ಬೆವರು ಇಳಿಯುವವರೆಗೆ ತಿಕ್ಕಿದೆ. ಬೆಂಡು ಮಲಗಿದ ಕೂಸಿನ ಹಾಗೆ ಅಲುಗಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡು, ನೆಲ ಬಹಳ ಸ್ವಚ್ಛ ಇದೆ ಎಂದು ಹೊಗಳಿ ಹೋದರು. ಹುಸೇನಪ್ಪನ ಮುಖ ಅರಳಿತು. ಅಂದಿನಿಂದ ಕಾಲೇಜಿನಲ್ಲಿ ಆಗದ ಹೋಗದ ಕೆಲಸಕ್ಕೆಲ್ಲ ಒಂದು ಹೆಸರು ಬಿತ್ತು: ಮೇಡಂ ಬೆಂಡು. ಸಿಂಧನೂರಿಗೆ ಹೊಸ ರೈಲು ಯಾವಾಗ ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ, "ಅದು ಮೇಡಂ ಬೆಂಡು ಬಿಡ್ರಿ" ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇದೆಯಲ್ಲ, ಅದಕ್ಕೆ ಹೆದರಿ ನಾನು ನೆಲದ ಸುದ್ದಿ ಎತ್ತಲಿಲ್ಲ. ಸೀಮೆಸುಣ್ಣಕ್ಕೆ ಮರಳಿದೆ.

ಹೀಗೆ ಎಲ್ಲ ಸುಖವಾಗಿತ್ತು, ಸುಪ್ರಿಯಾ ಬರುವವರೆಗೆ. ಸುಪ್ರಿಯಾ ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನ ಹುಡುಗಿ. ಅಜ್ಜಿಯೊಡನೆ ಬಂಗಾಲಿ, ನಮ್ಮೊಡನೆ ನಮಗಿಂತ ಅಚ್ಚ ರಾಯಚೂರು ಸೀಮೆಯ ಕನ್ನಡ. ಲೆಕ್ಕದಲ್ಲಿ ಅವಳ ಕೈ ನನಗಿಂತ ಚುರುಕು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಎಂದೋ ಒಂದು ದಿನ ನನ್ನ ಸೀಮೆಸುಣ್ಣ ಅವಳ ಕೈಗೆ ಹೋಗಬೇಕು ಎಂದು ನಾನು ಒಳಗೊಳಗೇ ಗಂಟು ಹಾಕಿಕೊಂಡಿದ್ದೆ. ಹೋದ ವರ್ಷ ಜನವರಿಯಲ್ಲಿ, ಪರೀಕ್ಷೆಗೆ ಮುಂಚಿನ ಪುನರಾವರ್ತನೆಯಲ್ಲಿ, ನಾನು ಹಾಳೆಯ ಸೂತ್ರ ಬರೆದು ಎರಡು ಗೆರೆ ಎಳೆಯುತ್ತಿದ್ದಂತೆ ಅವಳು ಎದ್ದು ನಿಂತಳು.

"ಮೇಡಂ, ದೂರ ಹೋದ್ರೂ ಕಮ್ಮಿ ಆಗಂಗಿಲ್ಲ ಅಂತೀರಿ. ಲೆಕ್ಕದಾಗ ಬರೋಬ್ಬರಿ ಬರ್ತೈತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮ ಗದ್ದಿ ಕಾಲುವಿ ಕೆಳಗಿನ ತುದ್ಯಾಗ ಐತ್ರಿ. ನೀರು ದೂರ ಬಂದಂಗ ಕಮ್ಮಿ. ಮೊಬೈಲ್ ಸಿಗ್ನಲ್ ದೂರಾದ್ರ ಕಮ್ಮಿ. ಬಸ್ಸು ಸೈತ ಕ್ಯಾಂಪಿಗೆ ಬರೋದ್ರೊಳಗ ಕಮ್ಮಿ. ದೂರಾದ್ರೂ ಕಮ್ಮಿ ಆಗದಂಥದ್ದು ನೀವು ಖರೇನ ನೋಡೀರೇನ್ರಿ?"

ಹದಿನಾರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಹೌದು ಎಂದು ಒಂದು ಮಾತು ಅಂದಿದ್ದರೆ ತರಗತಿ ಮುಂದೆ ಸಾಗುತ್ತಿತ್ತು. ಆದರೆ "ಇಲ್ಲವ್ವ, ನೋಡಿಲ್ಲ," ಎಂದೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕುಳಿತು ಪುಸ್ತಕ ಮುಚ್ಚಿದಳು. ತರಗತಿ ಮುಗಿದ ಮೇಲೆ ಹೊರಗೆ ಬಂದು ಹೇಳಿದ್ದು ಇದು: "ಸಿಟ್ಟಾಗಬ್ಯಾಡ್ರಿ ಮೇಡಂ. ಪರೀಕ್ಷಿ ಬರೀತೀನಿ, ಮಾರ್ಕ್ಸೂ ತಗೋತೀನಿ. ಆಮ್ಯಾಲ ಫಿಸಿಕ್ಸಿಗೆ ಕೈ ಮುಗಿದುಬಿಡ್ತೀನಿ. ಕಲಿಸಾವ್ರು ಸೈತ ನೋಡದಿದ್ದದ್ದನ್ನ ನಾ ಹೆಂಗ ನಂಬ್ಕೊಂಡು ಹೋಗ್ಲಿ?"

ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಅವಳ ಮೇಲಲ್ಲ. ಇಂಥ ಹುಡುಗಿ ನನ್ನ ವಿಷಯ ಬಿಟ್ಟು ಹೋಗುವುದು, ಅದೂ ನನ್ನ ಬಾಯಿಂದ 'ನೋಡಿಲ್ಲ' ಕೇಳಿ ಬಿಟ್ಟು ಹೋಗುವುದು, ಹದಿನಾರು ವರ್ಷದ ಸಂಬಳವನ್ನು ಯಾರೋ ತಿರುಗಿ ಕೇಳಿದ ಹಾಗಿತ್ತು. ಜಿದ್ದಿಗೆ ಬಿದ್ದು ಅಂದುಬಿಟ್ಟೆ: "ಈ ತಿಂಗಳು ಮುಗಿಯೋದ್ರೊಳಗ ನಿನ್ನ ಕಣ್ಣಿಗೆ ತೋರಸ್ತೀನಿ. ತೋರಸದಿದ್ರ ನಿನ್ನ ಮನಸ್ಸಿಗೆ ಬಂದದ್ದು ಮಾಡು, ನಾ ಒಂದು ಮಾತು ಆಡಂಗಿಲ್ಲ." ಆಡುವಾಗ ಬಹಳ ಗಂಭೀರವಾಗಿತ್ತು. ಮನೆಗೆ ಬಂದು ಕಾಲು ತೊಳೆಯುವಾಗ ಭಯವಾಯಿತು.

ಮರುದಿನದಿಂದ ನಾನೂ ಹುಸೇನಪ್ಪನೂ ಬೆಂಡಿನ ಹಿಂದೆ ಬಿದ್ದೆವು. ಈ ಸಲ ಆತ ಒಂದು ತೊಟ್ಟು ನೀರನ್ನೂ ಒಳಗೆ ಬಿಡಲಿಲ್ಲ. ಮಕ್ಕಳ ನೀರಿನ ಬಾಟಲಿಯನ್ನೂ ಬಾಗಿಲಲ್ಲೇ ಇಡಿಸಿದ. ಆದರೂ ಬೆಂಡು ಒಂದಿಷ್ಟು ಅಲುಗಿ, ಎರಡು ಉಸಿರು ಬಿಡುವುದರೊಳಗೆ ಮತ್ತೆ ನೇರ ತೂಗುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ಎರಡನೆಯ ಬೆಳೆಗೆ ನೀರು ಬಿಟ್ಟಿದ್ದರು. ಕಾಂಪೌಂಡಿನಾಚೆ ದಿಗಂತದವರೆಗೆ ನೀರು ನಿಂತ ಗದ್ದೆ, ನಾಟಿಯ ಕಾಲ, ಮುಂಜಾನೆ ಹತ್ತಾದರೂ ಮಂಜು. ಹುಸೇನಪ್ಪ ಒಂದು ಕೋಣೆ ತೊಳೆದಿದ್ದ. ಕಾಲುವೆ ಇಡೀ ತಾಲ್ಲೂಕನ್ನೇ ತೊಳೆದಿಟ್ಟಿತ್ತು. ಗಾದೆ ಏನೇ ಹೇಳಲಿ, ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಿರುತ್ತದೆ. ಆದರೆ ಗಾಳಿ ಒಣಗುವುದು ಮಾರ್ಚ್ ಕಳೆದ ಮೇಲೆ, ಅಷ್ಟು ಹೊತ್ತಿಗೆ ಸುಪ್ರಿಯಾ ಪರೀಕ್ಷೆ ಬರೆದು ಕೈ ಮುಗಿದು ಹೋಗಿರುತ್ತಾಳೆ.

ಆ ವಾರ ಅವ್ವನ ಫೋನ್ ಬಂತು. ನಮ್ಮ ಅವ್ವ ಫೋನ್ ಮಾಡುವುದು ದೂರು ಹೇಳುವುದಕ್ಕೇ. "ಏನ್ ಥಂಡಿ ಬೇ ಈ ವರ್ಷ! ತುಟಿ ಒಡದಾವು, ಹಿಮ್ಮಡ ಒಡದಾವು. ಮೈಗೆ ಎಣ್ಣಿ ಹಚ್ಚಿದ್ರ ನೆಲ ಕುಡದಂಗ ಕುಡೀತೈತಿ. ಕಂಬ್ಳಿ ಹೊದ್ಕೊಂಡ್ರ ಅದು ಬ್ಯಾರೆ ಚಟಪಟ ಚಟಪಟ ಅಂತೈತಿ, ತೆಲಿಗೂದ್ಲೆಲ್ಲಾ ಎದ್ದು ನಿಂದರ್ತಾವು. ಹಳೇ ಕಂಬ್ಳಿ ಕೆಟ್ಟೈತಿ, ಹೊಸಾದು ತಂದ್ಕೊಡು."

ನಾನು ಕಿರುಚಿದೆ: "ಅವ್ವ, ಅದನ್ನ ಒಗೀಬ್ಯಾಡ, ಬಿಸಾಡಬ್ಯಾಡ, ನಾ ಬರಾಕತ್ತೀನಿ!"

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಚಿಕ್ಕವಳಿದ್ದಾಗ ಚಳಿಗಾಲದಲ್ಲಿ ಅದೇ ಕಂಬಳಿಯೊಳಗೆ ಮುದುಡಿ, ಆ ಚಟಪಟ ಕೇಳುತ್ತ ನಿದ್ದೆ ಹೋದವಳು ನಾನು. ಅದೇ ವಿದ್ಯುತ್ತನ್ನು ಹುಡುಕಿಕೊಂಡು ಇಂಗ್ಲಿಷ್ ಪುಸ್ತಕಗಳ ಪುಟ ತಿರುವಿದೆ. ಗುರುಗುಂಟಾದಲ್ಲಿ ಗದ್ದೆಯಿಲ್ಲ, ನಿಂತ ನೀರಿಲ್ಲ, ಜನವರಿಯ ಗಾಳಿಯಲ್ಲಿ ಹಪ್ಪಳವನ್ನು ಹೊರಗಿಟ್ಟರೂ ಮೆತ್ತಗಾಗುವುದಿಲ್ಲ. ಇಷ್ಟು ವರ್ಷ ನಾನು ನಾಚಿಕೊಳ್ಳುತ್ತ ಬಂದ ಒಣ ಹೊಲವೇ ಕರೆಂಟಿನ ಹೊಲ. ಗೊರೇಬಾಳದ ಹುಡುಗ ಕೇಳಿದ್ದನಲ್ಲ, ಹೊಲದಲ್ಲಿ ಏನು ಬೆಳೆಯುತ್ತದೆ ಎಂದು? ಅವನಿಗೆ ಕೊಡುವ ಉತ್ತರ ನನಗೆ ಈಗ ಸಿಕ್ಕಿತ್ತು, ಆದರೆ ಅವನು ಪಾಸಾಗಿ ಹೋಗಿ ಬಹಳ ವರ್ಷವಾಗಿತ್ತು.

ಕಂಬಳಿ ತವರಿನದಾಯಿತು, ಹಾಳೆ ಬೇಕಲ್ಲ. ನಡುವೆ ನಿಂತರೆ ದಂಡಿ ದೂರ ಎನ್ನಿಸುವಷ್ಟು ದೊಡ್ಡ ಹಾಳೆ. ಅದು ನಮ್ಮ ಮನೆಯಲ್ಲೇ ಮಡಿಸಿಟ್ಟಿತ್ತು: ಅತ್ತೆಯವರು ಭತ್ತ ಒಣಗಿಸುವ ಹೊಸ ಪ್ಲಾಸ್ಟಿಕ್ ತಾಡಪತ್ರಿ. ಕೇಳಿದ್ದಕ್ಕೆ ಅವರು ಹುಬ್ಬು ಗಂಟಿಕ್ಕಿದರು. "ಏನ್ ಮಾಡ್ತಿ ಅದನ್ನ?" "ಗುರುಗುಂಟಾಕ್ಕ ಒಯ್ದು ಕಂಬ್ಳಿಯಿಂದ ತಿಕ್ತೀನ್ರಿ ಅತ್ತಿ." ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮ್ಮೂರಾಗ ಒಣಗಸಾಕ ಭತ್ತ ಇಲ್ಲಂತ ತಾಡಪತ್ರಿನ ಒಣಗಸ್ತೀರೇನು? ಒಯ್ಯಿ. ಒಂದು ತೂತು ಬಿದ್ರ ನೋಡು ಮತ್ತ."

ಭಾನುವಾರ ಮುಂಜಾನೆ ಸಿಂಧನೂರಿನಿಂದ ಹೊರಟೆವು. ನಾನು, ಸುಪ್ರಿಯಾ, ಅವಳ ಜೊತೆಗಾತಿಯರು ಐದಾರು ಮಂದಿ, ಮತ್ತು ಹಳೆಯ ಪಾಪ ಕಳೆದುಕೊಳ್ಳಬೇಕೆಂದು ಹಟ ಹಿಡಿದು ಬಂದ ಹುಸೇನಪ್ಪ. ತಾಡಪತ್ರಿಯ ಸುರುಳಿ ಆತನ ಹೆಗಲ ಮೇಲೆ. ಕಂಡಕ್ಟರ್ ಏನಿದು ಎಂದರೆ ಹುಸೇನಪ್ಪ ಗತ್ತಿನಿಂದ, "ದಂಡಿ ಇಲ್ಲದ ಹಾಳಿ ಐತ್ರಿ, ಜರಾ ಸರೀರಿ," ಎಂದ. ಅದರ ಒಂದು ದಂಡಿ ಕಂಡಕ್ಟರನ ಮೂಗಿಗೆ ತಾಗುತ್ತಿತ್ತು. ಮಸ್ಕಿಯವರೆಗೆ ಕಿಟಕಿಯ ಆಚೆ ಹಸಿರು ಕಾಣುತ್ತಲೇ ಇತ್ತು. ಮಸ್ಕಿ ದಾಟಿದ ಮೇಲೆ ಬಣ್ಣ ಬದಲಾಯಿತು. ಬಂಡೆಗುಡ್ಡ, ಕಪ್ಪು ನೆಲ, ನಿಂತ ಜೋಳ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸುವಾಗ ಸುಪ್ರಿಯಾ ತುಟಿ ಸವರಿಕೊಂಡು, "ಇಲ್ಲಿ ಗಾಳಿ ಬ್ಯಾರೆ ಐತ್ರಿ ಮೇಡಂ, ತುಟಿ ಒಣಗಾಕತ್ತಾವು," ಎಂದಳು. ಅವಳು ದೂರು ಹೇಳಿದ್ದು. ನನಗೆ ಅದು ತಲೆಗೆ ಮಂತ್ರಾಕ್ಷತೆ ಬಿದ್ದ ಹಾಗಿತ್ತು.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ತುಂಬಿದ ಬಕೆಟ್. ಮಗಳ ವಿದ್ಯಾರ್ಥಿಗಳು ಮೊದಲ ಸಲ ಮನೆಗೆ ಬರುತ್ತಿದ್ದಾರೆ, ಪಡಸಾಲೆ ಸಾರಿಸದೆ ಇರುವುದು ಹೇಗೆ? ನಾನು ಬಾಯಿ ತೆರೆಯುವ ಮೊದಲೇ ಹುಸೇನಪ್ಪ ಓಡಿಹೋಗಿ ಬಕೆಟ್ಟಿಗೆ ಅಡ್ಡ ನಿಂತ. "ಯವ್ವ, ನಿನ್ನ ಕಾಲಿಗೆ ಬೀಳ್ತೀನಿ, ನೀರು ಹಾಕಬ್ಯಾಡ! ನಾ ಒಮ್ಮಿ ಹಾಕಿ ಮೇಡಮ್ಮಾರ ಮಾನ ಕಳದೀನಿ!" ಅವ್ವ ನನ್ನ ಕಡೆ ನೋಡಿ, ಈತನಿಗೆ ಏನಾದರೂ ಆಗಿದೆಯೇ ಎಂದು ಕಣ್ಣಲ್ಲೇ ಕೇಳಿದಳು.

ಪಡಸಾಲೆಯ ತೊಲೆಗೆ ತಾಡಪತ್ರಿ ಇಳಿಬಿಟ್ಟು, ಕೆಳಗೆ ಜೋಳದ ಚೀಲ ಹೇರಿ ಬಿಗಿ ಮಾಡಿದೆವು. ಗಾಳಿ ಆಡದ ಹಾಗೆ ಬಾಗಿಲು ಹಾಕಿದೆವು. ಅವ್ವ ದನದ ಮುಂದಿದ್ದ ಮೇವಿನಿಂದ ಒಂದು ಒಣ ದಂಟು ಮುರಿದು ಕೊಟ್ಟಳು. ಸುಪ್ರಿಯಾ ಅದರ ಬೆಂಡು ಬಿಡಿಸಿ, ಕಡಲೆಯಷ್ಟು ಗುಂಡು ಮಾಡಿ, ಆವೇಶ ಮೈತುಂಬ ಹರಡಲೆಂದು ಪೆನ್ಸಿಲ್ಲಿನ ಮಸಿ ತಿಕ್ಕಿದಳು. ರೇಷ್ಮೆ ಎಳೆ ಅವ್ವನ ಇಳಕಲ್ ಸೀರೆಯ ಸೆರಗಿನದು. ಕೋಲಿನ ತುದಿಗೆ ಎಳೆ, ಎಳೆಯ ಹಿಂದೆ ರಟ್ಟಿನ ಮೇಲೆ ಅಂಟಿಸಿದ ಕೋನಮಾಪಕ. ಹುಸೇನಪ್ಪ ಕಂಬಳಿ ಕೈಗೆ ತೆಗೆದುಕೊಂಡು, ಇಷ್ಟು ವರ್ಷದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವವನ ಹಾಗೆ ಮೇಲಿಂದ ಕೆಳಗೆ, ದಂಡಿಯಿಂದ ದಂಡಿಗೆ, ಒಂದೇ ಸಮ ತಿಕ್ಕಿದ. ಚಟಪಟ ಶುರುವಾಯಿತು. ನನ್ನ ಮುಂಗೈಯ ರೋಮ ಎದ್ದು ನಿಂತವು. ಅದು ವಿದ್ಯುತ್ತಿನಿಂದಲೋ ಭಯದಿಂದಲೋ ನನಗೆ ಈಗಲೂ ಗೊತ್ತಿಲ್ಲ.

ಕೋಲನ್ನು ನಾನು ಹಿಡಿಯಲಿಲ್ಲ. ಸುಪ್ರಿಯಾಳ ಕೈಗೆ ಕೊಟ್ಟೆ. ಅವಳು ಹಾಳೆಯ ನಟ್ಟನಡುವೆ ಬೆಂಡು ತಾಗಿಸಿದಳು. ಬೆಂಡು ಅಂಟಿತು, ಒಂದು ಗಳಿಗೆ ತಡೆಯಿತು, ಆಮೇಲೆ ಚಂಗನೆ ಹಾರಿ ದೂರ ನಿಂತಿತು. ಎಳೆ ಓರೆಯಾಗಿ ಗಾಳಿಯಲ್ಲಿ ನಿಂತೇಬಿಟ್ಟಿತು. ಒಂದು ಗೇಣು ದೂರ: ಇಪ್ಪತ್ತು ಡಿಗ್ರಿ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಎರಡು ಗೇಣು. ಎಳೆ ಬೀಳುತ್ತದೆ ಎಂದು ಅವಳು ಕಾದಳು, ನಾನೂ ಕಾದೆ. ಇಪ್ಪತ್ತು. ಇನ್ನೂ ಅರ್ಧ ಗೇಣು ಸರಿದಳು. ಕೂದಲೆಳೆಯಷ್ಟು ಇಳಿದಿತ್ತೇನೋ, ಕಣ್ಣಿಗಂತೂ ಇಪ್ಪತ್ತೇ. ಅವಳು ಮತ್ತೆ ಒಂದು ಗೇಣಿಗೆ ಹೋದಳು, ಮತ್ತೆ ಎರಡಕ್ಕೆ ಬಂದಳು, ಕಳ್ಳನನ್ನು ಹಿಡಿಯಲು ಬಂದ ಪೊಲೀಸಿನವಳ ಹಾಗೆ. ಆಮೇಲೆ ಯಾರೂ ಹೇಳದೆ ತಾನೇ ಹಾಳೆಯ ದಂಡಿಗೆ ನಡೆದಳು. ಅಲ್ಲಿ ಎಳೆ ಅರ್ಧಕ್ಕೆ ಇಳಿಯಿತು, ಅಡ್ಡಕ್ಕೂ ವಾಲಿತು.

"ದಂಡ್ಯಾಗ ಬ್ಯಾರೆ ಐತ್ರಿ!" ಎಂದು ಕೂಗಿದಳು. "ನಡುವ ನಿಂತ್ರ ಮಾತ್ರ ಕಮ್ಮಿ ಆಗಂಗಿಲ್ಲ. ಯಾಕ್ರಿ ಮೇಡಂ?"

ಪುಸ್ತಕದಲ್ಲಿ ಇದಕ್ಕೆ ಸೂತ್ರವಿದೆ. ಅದನ್ನು ಹೇಳಲು ಮನಸ್ಸಾಗಲಿಲ್ಲ. ಹತ್ತಿರ ನಿಂತಾಗ ಎದುರಿಗಿರುವ ಆವೇಶದ ತಳ್ಳಾಟವೇ ಜೋರು. ದೂರದಲ್ಲಿರುವವರು ಅಡ್ಡಡ್ಡ ತಳ್ಳಿ, ಈ ಕಡೆಯವರೂ ಆ ಕಡೆಯವರೂ ಒಬ್ಬರ ಬಲವನ್ನು ಇನ್ನೊಬ್ಬರು ಕಳೆದುಬಿಡುತ್ತಾರೆ. ದೂರ ಸರಿದ ಹಾಗೆ ಎದುರಿನವರ ಜೋರು ಇಳಿಯುತ್ತದೆ, ಆದರೆ ಅಡ್ಡ ತಳ್ಳುತ್ತಿದ್ದವರು ಈಗ ನೇರವಾಗಿ ಕೈ ಹಚ್ಚುತ್ತಾರೆ. ಒಬ್ಬರು ಸೋತಷ್ಟನ್ನು ಇನ್ನೊಬ್ಬರು ತುಂಬುತ್ತಾರೆ, ಲೆಕ್ಕ ಸರಿಹೋಗುತ್ತದೆ. ದಂಡಿಯಲ್ಲಿ ನಿಂತವರಿಗೆ ಒಂದು ಕಡೆಯ ಜನ ಇರುವುದಿಲ್ಲ, ಅದಕ್ಕೇ ಅರ್ಧ. ಹೀಗೆ ಹೇಳಿದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅಡುಗೆಮನೆಯ ಬಾಗಿಲಲ್ಲಿ ಕೇಳುತ್ತ ನಿಂತಿದ್ದಳು. "ಇಷ್ಟ ಹೌದಿಲ್ಲೊ? ಇದಕ್ಯಾಕ ಹದಿನಾರು ವರ್ಷ ಬೇಕಾತು?" ಎಂದಳು. ನನ್ನ ಕಣ್ಣು ತುಂಬಿದ್ದವು. ಹೇಳಿಬಿಡುತ್ತೇನೆ, ನನಗೆ ಬಹಳ ಹೆಮ್ಮೆಯಾಗಿತ್ತು. ನನ್ನ ಮೇಲೆ ಸ್ವಲ್ಪ, ಸುಪ್ರಿಯಾಳ ಮೇಲೆ ಹೆಚ್ಚು, ಎಲ್ಲಕ್ಕಿಂತ ಹೆಚ್ಚು ಆ ಬಿರುಕು ಬಿಟ್ಟ ನೆಲದ ಮೇಲೆ, ಅದರ ಒಣ ಗಾಳಿಯ ಮೇಲೆ.

ತಾಡಪತ್ರಿಯನ್ನು ಒಂದೂ ತೂತಿಲ್ಲದೆ ಮರಳಿಸಿದೆ. ಅತ್ತೆಯವರು ಬಿಸಿಲಿಗೆ ಹಿಡಿದು ಪರೀಕ್ಷಿಸಿ, ಸಮಾಧಾನವಾದ ಮೇಲೆ ಏನಾಯಿತು ಎಂದು ಕೇಳಿದರು. ಗುರುಗುಂಟಾದಲ್ಲಿ ಕರೆಂಟಿನ ಹೊಲ ಮಾಡಿದೆವು, ಆ ಹೊಲಕ್ಕೆ ಪುಸ್ತಕದಲ್ಲಿ ದಂಡಿಯೇ ಇರುವುದಿಲ್ಲ ಎಂದೆ. ಪಕ್ಕದ ಗದ್ದೆಯವರೊಂದಿಗೆ ಒಂದು ಮೊಳ ಬದುವಿಗಾಗಿ ಮೂರು ವರ್ಷದಿಂದ ಮಾತು ಬಿಟ್ಟವರು ಅವರು. "ದಂಡಿನ ಇಲ್ಲೇನು? ಹಂಗಾರ ಬದುವಿನ ಜಗಳಾನೂ ಇಲ್ಲ. ಭಾಳ ಛಲೋ ಹೊಲ ಬಿಡು," ಎಂದರು. ಈಗ ಮನೆಗೆ ಬಂದವರಿಗೆ ನನ್ನ ಪರಿಚಯ ತುಸು ಬದಲಾಗಿದೆ. "ನಮ್ಮ ಸೊಸಿ ರೀ, ಒಣ ಹೊಲದಾಕಿ," ಎಂದು ಮೊದಲಿನಂತೆಯೇ ಶುರು ಮಾಡುತ್ತಾರೆ. ಆಮೇಲೆ ಸೇರಿಸುತ್ತಾರೆ: "ಆದ್ರ ತಾಡಪತ್ರಿ ನಮ್ದು."

ಸುಪ್ರಿಯಾ ಈಗ ರಾಯಚೂರಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ, ಫಿಸಿಕ್ಸ್ ತೆಗೆದುಕೊಂಡು. ಹೋದ ವಾರ ರಜೆಗೆ ಬಂದವಳು ಮನೆಗೆ ಬಂದಿದ್ದಳು. ಅಲ್ಲಿಯ ತರಗತಿಯಲ್ಲಿ ಹಾಳೆಯ ಪಾಠ ಬಂತಂತೆ. ಪ್ರಾಧ್ಯಾಪಕರು ಸೂತ್ರ ಬರೆದು, ಎರಡು ಗೆರೆ ಎಳೆದು, ಇದೆಲ್ಲ ಕಾಗದದ ಮೇಲಿನ ಕಲ್ಪನೆ, ಇಂಥದ್ದನ್ನು ಯಾರೂ ಎಲ್ಲೂ ನೋಡಿರುವುದಿಲ್ಲ ಎಂದರಂತೆ.

"ನೀ ಸುಮ್ನ ಕುಂತೇನು?" ಎಂದು ಕೇಳಿದೆ.

"ಎದ್ದು ನಿಂತೆ ರೀ," ಎಂದಳು. "ನಾ ನೋಡೀನ್ರಿ ಸರ್, ಗುರುಗುಂಟಾದಾಗ, ಅಂದೆ."